ಮುಂಬೈ ಫ್ಲಾಟಿನಲ್ಲಿ ಶೂಗೇಜ್: ಪೆಡಲ್ ಕೊಳ್ಳುವ ಮೊದಲು, ಕೊಂಡ ಮೇಲೆ

ಡೊಂಬಿವಲಿಯಿಂದ, ಮೀರಾ ರೋಡಿನಿಂದ, ಮುಲುಂಡಿನಿಂದ ಬರುವ ಪ್ರಶ್ನೆ ಒಂದೇ. "ಆ ಮಂಜು ಕವಿದಂಥ ಗಿಟಾರ್ ಸದ್ದು ಬೇಕು, ಯಾವ ಪೆಡಲ್ ತಗೊಳ್ಳಲಿ?" ಕೇಳುವವರಲ್ಲಿ ಹೆಚ್ಚಿನವರು ಆ ಸಂಗೀತ ಬಂದ ಕಾಲಕ್ಕೆ ಹುಟ್ಟಿರಲೇ ಇಲ್ಲ. ಆದರೂ ಅದನ್ನು ಕೇಳಿದಾಗ ಏನನ್ನೋ ಕಳಕೊಂಡ ಹಾಗಾಗುತ್ತದೆ ಅನ್ನುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ನನಗೂ ಸಾಕಾಗಿದೆ. ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಶೂಗೇಜ್ ಗೊತ್ತಿಲ್ಲದೆ ಇಲ್ಲಿಗೆ ಬಂದವರಿಗೆ ನಾಲ್ಕು ಸಾಲು. 1980ರ ದಶಕದ ಕೊನೆ, 90ರ ಶುರುವಿನಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಕೆಲವು ತಂಡಗಳು ಗಿಟಾರನ್ನು ಗೋಡೆಯ ಹಾಗೆ ದಪ್ಪ ಮಾಡಿ, ಹಾಡುವ ದನಿಯನ್ನು ಅದರೊಳಗೆ ಮುಳುಗಿಸಿದವು. ಮೈ ಬ್ಲಡಿ ವ್ಯಾಲೆಂಟೈನ್, ಸ್ಲೋಡೈವ್, ರೈಡ್, ಲಷ್ ಅದರಲ್ಲಿ ದೊಡ್ಡ ಹೆಸರುಗಳು. ವೇದಿಕೆಯ ಮೇಲೆ ಇವರು ಜನರನ್ನು ನೋಡುತ್ತಿರಲಿಲ್ಲ. ಕಾಲಬಳಿ ಇದ್ದ ಪೆಡಲ್‌ಗಳನ್ನು ನೋಡುತ್ತಾ ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಅದಕ್ಕೇ ಅಲ್ಲಿನ ಪತ್ರಿಕೆಗಳು "ಶೂ ನೋಡುವವರು" ಅಂತ ಗೇಲಿ ಮಾಡಿದವು. ಗೇಲಿಯೇ ಹೆಸರಾಗಿ ಉಳಿಯಿತು.

ಪೆಡಲ್ ಅಂದರೆ ಗಿಟಾರಿಗೂ ಅದರ ಸದ್ದನ್ನು ದೊಡ್ಡದು ಮಾಡುವ ಆಂಪ್‌ಗೂ ನಡುವೆ ಕೂರುವ, ಕಾಲಿನಿಂದ ಒತ್ತುವ ಸಣ್ಣ ಪೆಟ್ಟಿಗೆ. ಒಂದೊಂದು ಪೆಟ್ಟಿಗೆಗೆ ಒಂದೊಂದು ಕೆಲಸ. ಒಂದು (ಫಜ್ ಅಥವಾ ಡಿಸ್ಟಾರ್ಷನ್) ಸದ್ದನ್ನು ಒಡೆಯುತ್ತದೆ, ಒಂದು (ಡಿಲೇ) ಮರುಕಳಿಸುತ್ತದೆ, ಇನ್ನೊಂದು (ರಿವರ್ಬ್) ಗುಹೆಯೊಳಗೆ ತಳ್ಳುತ್ತದೆ.

ಏನೇನು ಬೇಕು

ಎಲೆಕ್ಟ್ರಿಕ್ ಗಿಟಾರ್ ಒಂದು, ಟ್ರೆಮೊಲೊ ಬಾರ್ ಇದ್ದರೆ ಒಳ್ಳೆಯದು. ಇದನ್ನು ಎಲ್ಲರೂ ವ್ಯಾಮಿ ಬಾರ್ ಅಂತಲೇ ಕರೆಯುತ್ತಾರೆ. ಬ್ರಿಡ್ಜಿನಿಂದ, ಅಂದರೆ ಗಿಟಾರಿನ ಹೊಟ್ಟೆಯ ಮೇಲೆ ತಂತಿಗಳನ್ನು ಹಿಡಿದ ಭಾಗದಿಂದ, ಹೊರಗೆ ಚಾಚಿರುವ ಕಬ್ಬಿಣದ ಕಡ್ಡಿ ಅದು, ಒತ್ತಿದರೆ ಎಲ್ಲ ತಂತಿಗಳೂ ಒಟ್ಟಿಗೆ ಸಡಿಲವಾಗುತ್ತವೆ. ಸ್ಟ್ರಾಟ್ ಮಾದರಿಯ, ಅಂದರೆ ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಗಿಟಾರನ್ನು ಹೋಲುವ, ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಜೊತೆಗೆ ಒಂದು ಫಜ್ ಅಥವಾ ಡಿಸ್ಟಾರ್ಷನ್ ಪೆಡಲ್, ಒಂದು ರಿವರ್ಬ್ ಪೆಡಲ್ ಬೇಕು. ಡಿಲೇ ಆಮೇಲೆ ಬಂದರೂ ನಡೆಯುತ್ತದೆ. ಸರಿಯಾದ ಅಡಾಪ್ಟರ್, ಎರಡು ಮೂರು ಗಟ್ಟಿ ಕೇಬಲ್, ಒಂದು ಹೆಡ್‌ಫೋನ್. ಇಷ್ಟೇ.

ಹತ್ತು ಪೆಡಲ್‌ಗಳ ಬೋರ್ಡ್ ಮಾಡಿ ಫೋಟೋ ಹಾಕುವುದು ಬೇರೆ ಹವ್ಯಾಸ. ಅದರ ಬಗ್ಗೆ ನನಗೆ ತಕರಾರಿಲ್ಲ, ಆದರೆ ಅದು ಈ ಲೇಖನವಲ್ಲ.

ದುಡ್ಡು ಕಡಿಮೆ ಇದೆಯಾ? ಜೂಮ್ ಕಂಪನಿಯವರ ಸಣ್ಣ ಮಲ್ಟಿ-ಎಫೆಕ್ಟ್ಸ್ ಪೆಟ್ಟಿಗೆ ಸೆಕೆಂಡ್ ಹ್ಯಾಂಡ್ ಸಿಕ್ಕರೆ ತೆಗೆದುಕೊಳ್ಳಿ. ಒಂದೇ ಪೆಟ್ಟಿಗೆಯಲ್ಲಿ ಹತ್ತಾರು ಎಫೆಕ್ಟ್ ಇರುತ್ತವೆ. ಅವುಗಳ ಸಾಲನ್ನು ಹಿಂದೆ ಮುಂದೆ ಮಾಡಲು ಬಿಡುವ ಮಾಡೆಲ್ಲೇ ಬೇಕು ಅಂತ ಕೇಳಿ. ಈ ಸಂಗೀತದಲ್ಲಿ ಆ ಸಾಲೇ ಅರ್ಧ ಆಟ, ಮುಂದೆ ಹೇಳುತ್ತೇನೆ. ಒಂದೇ ಎಚ್ಚರಿಕೆ: ಕೆಲವು ಪೆಟ್ಟಿಗೆಗಳಲ್ಲಿ ಕೋರಸ್ (ಒಂದು ಗಿಟಾರನ್ನು ಹಲವರು ನುಡಿಸಿದ ಹಾಗೆ ಮಾಡುವುದು), ಡಿಲೇ, ರಿವರ್ಬ್ ಮಾತ್ರ ಇರುತ್ತವೆ, ಡಿಸ್ಟಾರ್ಷನ್ ಇರುವುದಿಲ್ಲ. ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಹಂತ 1: ಅದು ನೆನಪಿನಂತೆ ಕೇಳುವುದು ಯಾಕೆ ಅಂತ ಮೊದಲು ತಿಳಿಯಿರಿ

ಪೆಡಲ್ ಕಥೆಗೆ ಮೊದಲು ಇದೇಕೆ ಅಂತೀರಾ? ಇದು ಗೊತ್ತಾದರೆ ಯಾವ ಗುಂಡಿ ಯಾವ ಕಡೆ ತಿರುಗಿಸಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ.

ಮಾಟುಂಗದ ಮೈಸೂರು ಅಸೋಸಿಯೇಷನ್‌ನಂಥ ಯಾವುದಾದರೂ ಸಭಾಂಗಣದಲ್ಲಿ ಕಛೇರಿ ನಡೆಯುತ್ತಿದೆ, ನೀವು ತಡವಾಗಿ ಬಂದಿದ್ದೀರಿ ಅಂದುಕೊಳ್ಳಿ. ಬಾಗಿಲು ಹಾಕಿದೆ. ಹೊರಗೆ ನಿಂತು ಕೇಳಿದರೆ ಹಾಡು ಬರುತ್ತದೆ, ಸಾಹಿತ್ಯ ಬರುವುದಿಲ್ಲ. ಯಾಕೆಂದರೆ ಬಾಗಿಲು ಮತ್ತು ಗೋಡೆ ಮೊದಲು ತಿನ್ನುವುದು ಚೂಪಾದ ಸದ್ದುಗಳನ್ನು, ಅಂದರೆ ಸ, ಶ, ತ ಅನ್ನುವಾಗ ಬರುವ ಅಂಚುಗಳನ್ನು. ದಪ್ಪ ಸದ್ದು ದಾಟಿ ಬರುತ್ತದೆ. ನೇರವಾಗಿ ಬರುವ ಸದ್ದು ಕಡಿಮೆಯಾಗಿ ಗೋಡೆಗೆ ಬಡಿದು ಬರುವ ಸದ್ದು ಜಾಸ್ತಿಯಾಗುತ್ತದೆ. ಇವೆರಡನ್ನೂ ಕೇಳಿದೊಡನೆ ಕಿವಿ "ದೂರ" ಅನ್ನುತ್ತದೆ. ಶೂಗೇಜ್ ತಂಡಗಳು ಹಾಡುವವರನ್ನು ಬಾಗಿಲಿನ ಆಚೆ ನಿಲ್ಲಿಸಿದ್ದು ಹೀಗೆಯೇ.

ಇನ್ನೊಂದು, ಸದ್ದಿನ ಓಲಾಟ. ಸವೆದ ಕ್ಯಾಸೆಟ್ಟಿನಲ್ಲಿ ಸ್ವರ ನಿಂತಲ್ಲಿ ನಿಲ್ಲುವುದಿಲ್ಲ. ಟೇಪು ಎಳೆಯುವ ವೇಗ ಏರುಪೇರಾಗಿ ಸ್ವರ ಒಂಚೂರು ಮೇಲೆ ಕೆಳಗೆ ಆಡುತ್ತದೆ. ಕಾಳಾಘೋಡಾದ ರಿದಮ್ ಹೌಸಿನಲ್ಲಿ ಕ್ಯಾಸೆಟ್ ಕೊಂಡು, ಅದನ್ನು ಗೆಳೆಯರಿಗೆ ಕಾಪಿ ಮಾಡಿ ಕೊಟ್ಟವರಿಗೆ ಈ ಓಲಾಟ ಚೆನ್ನಾಗಿ ಗೊತ್ತು. 2016ರಲ್ಲಿ ಆ ಅಂಗಡಿ ಮುಚ್ಚಿತು. ಅಲ್ಲಿಗೆ ಕಾಲಿಡದವರ ಕಿವಿಗೂ ಈ ಓಲಾಟ ಹಳೆಯದು ಅನ್ನಿಸುತ್ತದೆ. ಹಳೇ ಸಿನಿಮಾ, ಹಳೇ ರೆಕಾರ್ಡು, ಅಪ್ಪನ ಟೇಪ್ ರೆಕಾರ್ಡರ್, ಎಲ್ಲೋ ಕೇಳಿರುತ್ತೀರಿ.

ಹಾಗಾದರೆ ಲೆಕ್ಕ ಇಷ್ಟು. ಚೂಪು ಕಡಿಮೆ, ಪ್ರತಿಧ್ವನಿ ಜಾಸ್ತಿ, ಸ್ವರಕ್ಕೆ ಸಣ್ಣ ಓಲಾಟ. ಈ ಮೂರನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಹಂತ 2: ಕೈ

ಎಲ್ಲರೂ ಹಾರಿಸುವ ಹಂತ ಇದು. ನನ್ನ ಪ್ರಕಾರ ಇದೇ ಮುಖ್ಯ.

ಮೈ ಬ್ಲಡಿ ವ್ಯಾಲೆಂಟೈನ್ ತಂಡದ ಕೆವಿನ್ ಶೀಲ್ಡ್ಸ್ 1991ರ "ಲವ್‌ಲೆಸ್" ಆಲ್ಬಮ್ಮಿನಲ್ಲಿ ನೂರಾರು ಗಿಟಾರ್ ಪದರ ಹಾಕಿದ್ದಾರೆ ಅಂತ ಜನ ನಂಬುತ್ತಾರೆ. ಅಷ್ಟೆಲ್ಲ ಇಲ್ಲ ಅಂತ ಅವರೇ ಎಷ್ಟೋ ಸಲ ಹೇಳಿದ್ದಾರೆ. ಅಲ್ಲಿ ಕೇಳುವ ತೇಲಾಟದ ಬಹುಪಾಲು ಅವರ ಬಲಗೈಯದು. ಬಾರನ್ನು ಅಂಗೈಯಲ್ಲಿ ಸಡಿಲವಾಗಿ ಹಿಡಿದುಕೊಂಡೇ ತಂತಿ ಬಾರಿಸುವುದು ಅವರ ರೀತಿ. ಕೈ ಕೆಳಗೆ ಹೋದಾಗ ಸ್ವರ ಒಂಚೂರು ಇಳಿಯುತ್ತದೆ, ಮೇಲೆ ಬಂದಾಗ ಏರುತ್ತದೆ. ಇದಕ್ಕೆ ಗ್ಲೈಡ್ ಗಿಟಾರ್ ಅಂತ ಹೆಸರು. ವೀಣೆಯಲ್ಲಿ ತಂತಿ ಎಳೆದು ಗಮಕ ತೆಗೆಯುವುದನ್ನು ನೋಡಿದವರಿಗೆ ಇದು ತೀರಾ ಹೊಸದಲ್ಲ. ಅಲ್ಲಿ ಒಂದು ತಂತಿ, ಇಲ್ಲಿ ಆರೂ ತಂತಿ, ಅಷ್ಟೇ ವ್ಯತ್ಯಾಸ.

ಹೀಗೆ ಅಭ್ಯಾಸ ಮಾಡಿ. ಬಾರಿನ ತುದಿಯನ್ನು ಕಿರುಬೆರಳು, ಉಂಗುರಬೆರಳಿನ ನಡುವೆ ಸುಮ್ನೆ ಇಟ್ಟುಕೊಳ್ಳಿ, ಹಿಡಿಯಬೇಡಿ. ಪಿಕ್, ಅಂದರೆ ತಂತಿ ಮೀಟುವ ಬಿಲ್ಲೆ, ಎಂದಿನಂತೆ ಹೆಬ್ಬೆರಳು, ತೋರುಬೆರಳಿನ ನಡುವೆ. ಈಗ ನಿಧಾನವಾಗಿ ಮೇಲೆ ಕೆಳಗೆ ಬಾರಿಸಿ. ಬಾರನ್ನು ಒತ್ತಲು ಹೋಗಬೇಡಿ, ಕೈಯ ಭಾರವೇ ಸಾಕು. ಫ್ರೆಟ್ ಅಂದರೆ ಗಿಟಾರಿನ ಕತ್ತಿನ ಮೇಲೆ ಅಡ್ಡ ಕೂರಿಸಿದ ಲೋಹದ ಪಟ್ಟಿ, ವೀಣೆಯ ಮೆಟ್ಟಿಲಿನ ಹಾಗೆ. ಸ್ವರ ಅರ್ಧ ಫ್ರೆಟ್‌ಗಿಂತ ಜಾಸ್ತಿ ಇಳಿದರೆ ಅದು ಕುಡಿದವರ ಹಾಡಿನ ಹಾಗೆ ಕೇಳುತ್ತದೆ. ಟ್ಯೂನರ್ ಹಾಕಿ ಮುಳ್ಳು ಎಷ್ಟು ಓಲಾಡುತ್ತದೆ ನೋಡಿ.

ಸ್ಟ್ರಾಟ್ ಮಾದರಿಯ ಗಿಟಾರಿನಲ್ಲಿ ಎರಡು ತೊಂದರೆ ಬರುತ್ತವೆ. ಮೊದಲನೆಯದು, ಬಾರ್ ತೂತಿನಲ್ಲಿ ಲೊಡಲೊಡ ಅನ್ನುತ್ತದೆ, ಕೈ ಬಿಟ್ಟರೆ ಕೆಳಗೆ ತೂಗುತ್ತದೆ. ಪ್ಲಂಬರ್‌ಗಳು ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಬಾರಿನ ತಿರುಪಿನ ಭಾಗಕ್ಕೆ ಎರಡು ಸುತ್ತು ಸುತ್ತಿ ಮತ್ತೆ ತಿರುಗಿಸಿ ಹಾಕಿ, ನಿಲ್ಲುತ್ತದೆ. ಎರಡನೆಯದು, ಬ್ರಿಡ್ಜ್ ತೀರಾ ಬಿಗಿ. ಗಿಟಾರಿನ ಬೆನ್ನಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಒಳಗೆ ಸ್ಪ್ರಿಂಗುಗಳು, ಅವನ್ನು ಹಿಡಿದ ಎರಡು ದೊಡ್ಡ ಸ್ಕ್ರೂ ಕಾಣುತ್ತವೆ. ಎರಡನ್ನೂ ಅರ್ಧರ್ಧ ಸುತ್ತು ಸಡಿಲಿಸಿ, ಮತ್ತೆ ಶ್ರುತಿ ಮಾಡಿ, ನೋಡಿ. ಒಂದೇ ಸಲ ನಾಲ್ಕು ಸುತ್ತು ಬಿಚ್ಚಿದರೆ ಬ್ರಿಡ್ಜ್ ಎದ್ದು ನಿಲ್ಲುತ್ತದೆ, ಆಮೇಲೆ ಒಂದು ಸಂಜೆ ಪೂರ್ತಿ ಟ್ಯೂನ್ ಮಾಡುತ್ತಲೇ ಇರುತ್ತೀರಿ. ಬಾರ್ ಬಿಟ್ಟ ಮೇಲೆ ಶ್ರುತಿ ತಪ್ಪುತ್ತಿದ್ದರೆ ಗಿಟಾರಿನ ಕತ್ತಿನ ತುದಿಯಲ್ಲಿ ತಂತಿ ಕೂರುವ ಬಿಳಿ ನಟ್ಟಿನ ಗೀರುಗಳಲ್ಲಿ ಪೆನ್ಸಿಲ್ ಸೀಸ ಉಜ್ಜಿ. ತಂತಿ ಜಾರಿಕೊಂಡು ತನ್ನ ಜಾಗಕ್ಕೆ ಬರುತ್ತದೆ.

ಎಡಗೈಗೆ ಒಂದು ಸುಲಭದ ಕೆಲಸ. ಇ ಮೇಜರ್ ಕಾರ್ಡ್ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯಿರಿ: ಎ ತಂತಿ 2ನೇ ಫ್ರೆಟ್, ಡಿ ತಂತಿ 2, ಜಿ ತಂತಿ 1. ಉಳಿದ ಮೂರು ತಂತಿ ತೆರೆದೇ ಇರಲಿ. ಈಗ ಅದೇ ಆಕಾರವನ್ನು ಜಾರಿಸಿ 7-7-6ಕ್ಕೆ ಹೋಗಿ, ಆಮೇಲೆ 9-9-8. ಕೆಳಗಿನ ಬಿ, ಇ ತಂತಿಗಳು ಬದಲಾಗದೆ ಮೊಳಗುತ್ತಲೇ ಇರುತ್ತವೆ. ಯಕ್ಷಗಾನದಲ್ಲಿ ಶ್ರುತಿಪೆಟ್ಟಿಗೆ ಹಿಂದೆ ಒಂದೇ ಸಮನೆ ಹಿಡಿದುಕೊಂಡಿರುತ್ತದೆ ಅಲ್ವಾ, ಆ ಕೆಲಸ ಇಲ್ಲಿ ಈ ತೆರೆದ ತಂತಿಗಳದು. ಕಾರ್ಡ್ ಬದಲಾದರೂ ಹಾಡು ಕದಲದೆ ನಿಂತ ಹಾಗೆ ಅನ್ನಿಸುವುದು ಅದರಿಂದಲೇ.

ಪೆಡಲ್ ಇಲ್ಲದೆ ಇಷ್ಟನ್ನು ಒಂದು ವಾರ ಮಾಡಿ.

ಹಂತ 3: ಅಡಾಪ್ಟರ್ ಚುಚ್ಚುವ ಮೊದಲು

ಬಹುತೇಕ ಪೆಡಲ್‌ಗಳಿಗೆ 9 ವೋಲ್ಟ್ ಡಿಸಿ ಬೇಕು, ಪಿನ್ನಿನ ಒಳಭಾಗ ಮೈನಸ್ ಆಗಿರಬೇಕು. ಮನೆಯಲ್ಲಿ ಬಿದ್ದಿರುವ ಹಳೇ ವೈಫೈ ರೌಟರಿನ ಅಡಾಪ್ಟರ್ ಕೂಡ ಎಷ್ಟೋ ಸಲ 9 ವೋಲ್ಟೇ. ಪಿನ್ನೂ ಸರಿಯಾಗಿ ಕೂರುತ್ತದೆ. ಆದರೆ ಅದರ ಒಳಭಾಗ ಸಾಮಾನ್ಯವಾಗಿ ಪ್ಲಸ್, ಅಂದರೆ ಪೂರ್ತಿ ಉಲ್ಟಾ.

ನಾನೂ ಹಾಗೇ ಚುಚ್ಚಿದ್ದೆ. ಡಿಲೇ ಪೆಡಲಿನ ದೀಪ ಹತ್ತಲಿಲ್ಲ. ಕೇಬಲ್ ಸರಿ ಇಲ್ಲವೇನೋ ಅಂತ ಅಲುಗಾಡಿಸುತ್ತಾ ಕೂತಿದ್ದಾಗ ವಾಸನೆ ಬಂತು. ರಿಪೇರಿಯವರು ಬಿಚ್ಚಿ ತೋರಿಸಿದರು: ಸಾಸಿವೆ ಕಾಳಿನಷ್ಟು ದೊಡ್ಡ ಒಂದು ಡಯೋಡ್, ಸುತ್ತ ಬೋರ್ಡೆಲ್ಲ ಕಪ್ಪು.

ಅಡಾಪ್ಟರಿನ ಚೀಟಿಯ ಮೇಲೆ ಒಂದು ಚಿತ್ರ ಇರುತ್ತದೆ. ನಡುವೆ ಚುಕ್ಕೆ, ಅದರ ಸುತ್ತ ಅರ್ಧ ಬಳೆ, ಎರಡು ಕಡೆ ಪ್ಲಸ್, ಮೈನಸ್. ಚುಕ್ಕೆಯಿಂದ ಹೊರಟ ಗೆರೆ ಮೈನಸ್ಸಿಗೆ ಸೇರಿದ್ದರೆ ಸರಿ. ಚೀಟಿ ಅಳಿಸಿದ್ದರೆ ಮಲ್ಟಿಮೀಟರ್ ಹಿಡಿಯಿರಿ: ಕೆಂಪು ಕಡ್ಡಿ ಪಿನ್ನಿನ ಒಳಗೆ, ಕಪ್ಪು ಹೊರಗೆ. ಅಂಕಿಯ ಮುಂದೆ ಮೈನಸ್ ಚಿಹ್ನೆ ಬಂದರೆ ಪೆಡಲಿಗೆ ಆಗುತ್ತದೆ. ಮಲ್ಟಿಮೀಟರ್, ಅಡಾಪ್ಟರ್ ಎರಡಕ್ಕೂ ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆಯಿರಿ. ಸೆಂಟ್ರಲ್ ಲೈನಿನವರು ದಾದರಿನಲ್ಲಿ ಬದಲಿಸಬೇಕು, ಅದು ನಿಮಗೆ ಹೇಳಬೇಕಿಲ್ಲ.

ಮಿಲಿಆಂಪ್, ಅಂದರೆ ಪೆಡಲ್ ಎಳೆಯುವ ಕರೆಂಟಿನ ಲೆಕ್ಕವೂ ನೋಡಿ. ಸಾದಾ ಡಿಸ್ಟಾರ್ಷನ್ ಪೆಡಲಿಗೆ 10ರಿಂದ 20 ಮಿಲಿಆಂಪ್ ಸಾಕು. ಡಿಜಿಟಲ್ ರಿವರ್ಬ್‌ಗಳು 60ರಿಂದ 100 ಕೇಳುತ್ತವೆ, ದುಬಾರಿಯವು 300ರ ತನಕ ಹೋಗುತ್ತವೆ. ಅಡಾಪ್ಟರ್ ಕೊಡುವುದು ಎಲ್ಲದರ ಮೊತ್ತಕ್ಕಿಂತ ಜಾಸ್ತಿ ಇರಬೇಕು. ಜಾಸ್ತಿ ಇದ್ದರೆ ಏನೂ ಆಗುವುದಿಲ್ಲ, ಪೆಡಲ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ವೋಲ್ಟ್ ಮಾತ್ರ ಜಾಸ್ತಿ ಆಗಬಾರದು.

ಒಂದೇ ಅಡಾಪ್ಟರಿಗೆ ಸರಪಳಿ ಕೇಬಲ್ ಹಾಕಿ ಐದು ಪೆಡಲ್ ಓಡಿಸಿದರೆ ಡಿಜಿಟಲ್ ಪೆಡಲಿನ ಕಿರ್ರ್ ಅನ್ನುವ ಸದ್ದು ಫಜ್ ಒಳಗೆ ನುಗ್ಗುತ್ತದೆ. ಫಜ್ ಅದನ್ನು ಹತ್ತು ಪಟ್ಟು ದೊಡ್ಡದು ಮಾಡುತ್ತದೆ. ಇದಕ್ಕೆ ಐಸೊಲೇಟೆಡ್ ಪವರ್ ಸಪ್ಲೈ, ಅಂದರೆ ಒಂದೊಂದು ಪೆಡಲಿಗೂ ಬೇರೆ ಬೇರೆ ಕರೆಂಟು ದಾರಿ ಕೊಡುವ ಪೆಟ್ಟಿಗೆ ಬೇಕು. ಎರಡೇ ಪೆಡಲ್ ಇದ್ದರೆ ಎರಡು ಅಡಾಪ್ಟರ್ ಹಾಕಿ ಮುಗಿಸಿ.

ಆಂಪಿನ ಮೂರನೇ ಪಿನ್ನನ್ನು, ಅಂದರೆ ಅರ್ಥಿಂಗ್ ಪಿನ್ನನ್ನು ಮುರಿಯುವುದು, ಎರಡು ಪಿನ್ನಿನ ಜೋಡಿಗೆ ಸಿಕ್ಕಿಸುವುದು ಮಾಡಬೇಡಿ. ಹಳೇ ಚಾಳ್‌ಗಳಲ್ಲಿ, ಹಳೇ ಬಿಲ್ಡಿಂಗ್‌ಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇದ್ದರೂ ಹಿಂದೆ ಅರ್ಥ್ ತಂತಿ ಎಷ್ಟೋ ಸಲ ಇರುವುದಿಲ್ಲ. ಗಿಟಾರಿನ ತಂತಿ ಮುಟ್ಟಿಕೊಂಡು ಮೈಕಿಗೆ ತುಟಿ ತಾಗಿಸಿದಾಗ ಚುರ್ ಅಂದರೆ ಅಲ್ಲಿಗೆ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ. ಇದರಲ್ಲಿ ಜೀವ ಹೋದವರಿದ್ದಾರೆ.

ಹಂತ 4: ಸದ್ದನ್ನು ಒಡೆಯುವುದು

ಡಿಸ್ಟಾರ್ಷನ್ ಅಂದರೆ ಸದ್ದನ್ನು ತಾಳಲಾರದಷ್ಟು ದೊಡ್ಡದು ಮಾಡಿ ಅದರ ತಲೆ ಕತ್ತರಿಸುವುದು. ಫಜ್ ಅಂದರೆ ಅದನ್ನೇ ಇನ್ನೂ ಒರಟಾಗಿ ಮಾಡುವುದು. ತಂಬೂರಿಯ ತಂತಿಯ ಕೆಳಗೆ ದಾರ ಇಟ್ಟು ಜವಾರಿ ಬಿಡಿಸಿದಾಗ ಬರುವ ಝೇಂಕಾರವನ್ನು ಸಾವಿರ ಪಟ್ಟು ಮಾಡಿ ಊಹಿಸಿಕೊಳ್ಳಿ, ಹತ್ತಿರ ಬರುತ್ತೀರಿ.

ಎಲ್ಲರೂ ಹೇಳುವ ಹೆಸರು ಬಿಗ್ ಮಫ್. ಎಲೆಕ್ಟ್ರೊ-ಹಾರ್ಮೊನಿಕ್ಸ್ ಕಂಪನಿ 1969ರ ಸುಮಾರಿಗೆ ಮೊದಲು ತಂದ ಫಜ್ ಅದು. ಚೆನ್ನಾಗಿದೆ, ಆದರೆ ಮನೆಯಲ್ಲಿ ಒಬ್ಬರೇ ನುಡಿಸಿದಾಗ ಕೇಳುವ ಆ ದಪ್ಪ ಸದ್ದು ತಂಡದ ಜೊತೆ ನುಡಿಸಿದರೆ ಮಾಯವಾಗುತ್ತದೆ. ಯಾಕೆಂದರೆ ಅದು ನಡುವಿನ ಸದ್ದುಗಳನ್ನು, ಅಂದರೆ ಮಿಡ್‌ಗಳನ್ನು ಗುಳಿ ತೋಡಿದ ಹಾಗೆ ತೆಗೆದುಬಿಡುತ್ತದೆ. ಗಿಟಾರ್ ಬದುಕುವುದೇ ಆ ನಡುವಿನಲ್ಲಿ. ಆಂಪಿನಲ್ಲಿ ಮಿಡ್ ಗುಂಡಿ ಏರಿಸಿ. ಇಲ್ಲವಾದರೆ ರ‍್ಯಾಟ್ ತೆಗೆದುಕೊಳ್ಳಿ. ಅದೊಂದು ಡಿಸ್ಟಾರ್ಷನ್ ಪೆಡಲ್, ನನಗೆ ಇಷ್ಟವಾದದ್ದು ಅದೇ. ಅದರಲ್ಲಿ ಫಿಲ್ಟರ್ ಅನ್ನುವ ಗುಂಡಿ ಇದೆ. ಬಲಕ್ಕೆ ತಿರುಗಿಸಿದಷ್ಟೂ ಚೂಪು ಕಡಿಮೆಯಾಗುತ್ತದೆ, ಉಳಿದ ಪೆಡಲ್‌ಗಳ ಟೋನ್ ಗುಂಡಿಗೆ ಇದು ಉಲ್ಟಾ. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ 2 ಗಂಟೆಗೆ ಇಟ್ಟು ಶುರುಮಾಡಿ. ಬಾಸ್ ಕಂಪನಿಯ ಡಿಎಸ್-1 ಆದರೂ ನಡೆಯುತ್ತದೆ, ಅದರ ಟೋನ್ ಗುಂಡಿಯನ್ನು 9 ಗಂಟೆಯಿಂದ ಮೇಲೆ ತರಬೇಡಿ.

ಸಾಮಾನ್ಯ ತಪ್ಪು: ಗೇನ್, ಅಂದರೆ ಸದ್ದನ್ನು ಎಷ್ಟು ಒಡೆಯಬೇಕು ಅನ್ನುವ ಗುಂಡಿ, ಪೂರ್ತಿ ಏರಿಸುವುದು. ರಿವರ್ಬ್ ಜೊತೆ ಸೇರಿದಾಗ ಅರ್ಧ ಗೇನ್ ಕೂಡ ತುಂಬಿ ತುಳುಕುತ್ತದೆ. ಕಾರ್ಡಿನ ಒಂದೊಂದು ಸ್ವರವೂ ಕೇಳುತ್ತಿದೆಯಾ ನೋಡಿ. ಕೇಳದಿದ್ದರೆ ಇಳಿಸಿ.

ಹಂತ 5: ಪ್ರತಿಧ್ವನಿ, ಮತ್ತೆ ಸಾಲು ತಿರುವುಮುರುವು

ಡಿಲೇ ನೀವು ನುಡಿಸಿದ್ದನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳುತ್ತದೆ. ರಿವರ್ಬ್ ಕೋಣೆಯ ಗೋಡೆಗಳಿಂದ ಬರುವ ಸಾವಿರ ಮರುಸದ್ದುಗಳ ರಾಶಿ.

ಪೆಡಲ್‌ಗಳನ್ನು ಜೋಡಿಸುವ ಮಾಮೂಲಿ ಸಾಲು ಹೀಗಿದೆ: ಗಿಟಾರ್, ಫಜ್, ಕೋರಸ್, ಡಿಲೇ, ರಿವರ್ಬ್, ಆಂಪ್. ಒಡೆದ ಸದ್ದನ್ನು ದೊಡ್ಡ ಕೋಣೆಗೆ ಬಿಟ್ಟ ಹಾಗೆ. ಸ್ಲೋಡೈವ್‌ನ 1993ರ "ಸುವ್ಲಾಕಿ" ಆಲ್ಬಮ್ಮಿನಂಥ ಮೋಡದ ಸದ್ದಿಗೆ ಇದೇ ಸರಿ. ರಿವರ್ಬ್ ಡಿಕೇ, ಅಂದರೆ ಸದ್ದು ಸಾಯಲು ತೆಗೆದುಕೊಳ್ಳುವ ಹೊತ್ತು, 4ರಿಂದ 6 ಸೆಕೆಂಡ್. ಮಿಕ್ಸ್, ಅಂದರೆ ನೇರ ಸದ್ದಿಗೆ ಎಷ್ಟು ಪ್ರತಿಧ್ವನಿ ಬೆರೆಸಬೇಕು ಅನ್ನುವುದು, ಅರ್ಧದಷ್ಟು. ಪ್ರಿ-ಡಿಲೇ ಅನ್ನುವ ಗುಂಡಿ ಇದ್ದರೆ ಸೊನ್ನೆಯ ಹತ್ತಿರ ಇಡಿ. ಅದು ನೇರ ಸದ್ದಿಗೂ ಮೊದಲ ಪ್ರತಿಧ್ವನಿಗೂ ನಡುವಿನ ಅಂತರ. ಅಂತರ ಕಡಿಮೆಯಾದಷ್ಟೂ ನುಡಿಸುವವರು ದೂರ ನಿಂತ ಹಾಗೆ ಕೇಳುತ್ತದೆ. ಬಾಗಿಲಿನ ಆಚೆಯ ಕಛೇರಿ ನೆನಪಿದೆಯಲ್ಲ. ರಿವರ್ಬಿನಲ್ಲಿ ಮಾಡ್ಯುಲೇಟ್ ಮೋಡ್ ಇದ್ದರೆ ಹಾಕಿ, ಕ್ಯಾಸೆಟ್ಟಿನ ಓಲಾಟ ಸಿಗುತ್ತದೆ.

ಡಿಲೇಗೆ ಒಂದು ಲೆಕ್ಕ. 60,000ವನ್ನು ಹಾಡಿನ ವೇಗದಿಂದ ಭಾಗಿಸಿ, ಬರುವುದು ಒಂದು ತಾಳದ ಮಿಲಿಸೆಕೆಂಡ್. ನಿಮಿಷಕ್ಕೆ 100 ತಾಳದ ಹಾಡಾದರೆ 600. ಅದರ ಮುಕ್ಕಾಲು, 450, ತುಂಬಾ ಚೆನ್ನಾಗಿ ಹೆಣೆದುಕೊಳ್ಳುತ್ತದೆ. ಮರುಕಳಿಕೆ ಮೂರು ನಾಲ್ಕು ಸಾಕು.

ಈಗ ಸಾಲನ್ನು ಉಲ್ಟಾ ಮಾಡಿ. ರಿವರ್ಬ್ ಮೊದಲು, ಫಜ್ ಆಮೇಲೆ. ಈಗ ಫಜ್ ಒಡೆಯುವುದು ಗಿಟಾರನ್ನಷ್ಟೇ ಅಲ್ಲ, ಇಡೀ ಕೋಣೆಯನ್ನು. ಪ್ರತಿಧ್ವನಿಯ ಬಾಲ ಸಾಯುವುದೇ ಇಲ್ಲ, ನುಡಿಸಿದ ಸ್ವರದಷ್ಟೇ ದೊಡ್ಡದಾಗಿ ನಿಂತುಬಿಡುತ್ತದೆ. ಮೊದಲ ಸಲ ಕೇಳಿದಾಗ ಏನೋ ಕೆಟ್ಟಿದೆ ಅನ್ನಿಸುತ್ತದೆ. ಕೆಟ್ಟಿಲ್ಲ. ಮಿಕ್ಸನ್ನು ಕಾಲು ಭಾಗಕ್ಕೆ ಇಳಿಸಿ, ಡಿಕೇ 2 ಸೆಕೆಂಡ್ ಮಾಡಿ, ಕಾರ್ಡುಗಳ ನಡುವೆ ಉಸಿರಾಡಲು ಜಾಗ ಬಿಡಿ. ಅವಸರದಲ್ಲಿ ಕಾರ್ಡ್ ಬದಲಿಸಿದರೆ ಹಿಂದಿನ ಕಾರ್ಡಿನ ಬಾಲ ಮುಂದಿನದಕ್ಕೆ ಅಂಟಿ ಕೆಸರಾಗುತ್ತದೆ. ಹಂತ 2ರಲ್ಲಿ ಹೇಳಿದ ಆ ಮೂರು ಕಾರ್ಡ್ ಇಲ್ಲಿ ಕೆಲಸಕ್ಕೆ ಬರುತ್ತವೆ. ಮೂರರಲ್ಲೂ ಒಂದೇ ಬಿ, ಇ ಇರುವುದರಿಂದ ಬಾಲಗಳು ಅಷ್ಟಾಗಿ ಜಗಳವಾಡುವುದಿಲ್ಲ.

ಹಳೇ ಮಾದರಿಯ ಸರಳ ಫಜ್‌ಗಳಿಗೆ ಒಂದು ಹಠ ಇದೆ: ಗಿಟಾರಿಗೆ ನೇರವಾಗಿ ಸೇರಿಸಬೇಕು. ನಡುವೆ ಬಫರ್ ಇರುವ ಪೆಡಲ್ ಬಂದರೆ, ಅಂದರೆ ಸಿಗ್ನಲ್ಲಿಗೆ ಸದಾ ಬಲ ಕೊಡುವ ಸರ್ಕ್ಯೂಟ್ ಬಂದರೆ, ಸದ್ದು ತಗಡಿನ ಹಾಗಾಗುತ್ತದೆ. ಸಾಲು ಉಲ್ಟಾ ಮಾಡುವ ಆಟಕ್ಕೆ ರ‍್ಯಾಟ್, ಮಫ್, ಡಿಎಸ್-1 ತಂಟೆ ಮಾಡುವುದಿಲ್ಲ.

ಹಂತ 6: ರಿವರ್ಸ್ ರಿವರ್ಬ್

ಮಾಮೂಲಿ ಪ್ರತಿಧ್ವನಿ ದೊಡ್ಡದಾಗಿ ಶುರುವಾಗಿ ಕರಗುತ್ತದೆ. ರಿವರ್ಸ್ ರಿವರ್ಬ್ ಸಣ್ಣದಾಗಿ ಶುರುವಾಗಿ ಉಬ್ಬಿ, ತಟ್ಟನೆ ನಿಲ್ಲುತ್ತದೆ. ಉಸಿರು ಒಳಗೆ ಎಳೆದುಕೊಂಡ ಹಾಗೆ. ಶೀಲ್ಡ್ಸ್ ಇದನ್ನು ಯಮಹಾ ಎಸ್‌ಪಿಎಕ್ಸ್90 ಅನ್ನುವ ಸ್ಟುಡಿಯೋ ಯಂತ್ರದಿಂದ ತೆಗೆದರು. ಸ್ಲೋಡೈವ್‌ನವರು ಬಳಸಿದ ಯಮಹಾ ಎಫ್‌ಎಕ್ಸ್500ರಲ್ಲಿ "ಸಾಫ್ಟ್ ಫೋಕಸ್" ಅನ್ನುವ ರೆಡಿಮೇಡ್ ಸೆಟ್ಟಿಂಗ್ ಇತ್ತು, ಅದರ ಹೆಸರಿನಲ್ಲೇ ಈಗ ಪೆಡಲ್ ಬಂದಿದೆ.

ನಿಮ್ಮ ರಿವರ್ಬಿನಲ್ಲಿ ರಿವರ್ಸ್ ಮೋಡ್ ಇದ್ದರೆ ಮಿಕ್ಸನ್ನು ಪೂರ್ತಿ 100ಕ್ಕೆ ಇಡಿ. ನೇರ ಸದ್ದು ಒಂಚೂರೂ ಬೇಡ. ಅದನ್ನು ಡಿಸ್ಟಾರ್ಷನ್ನಿಗೆ ಬಿಟ್ಟು, ಬಾರ್ ಹಿಡಿದು ಬಾರಿಸಿ. ಪಿಕ್ ತಂತಿಗೆ ತಾಗುವ ಟಕ್ ಸದ್ದು ಮಾಯವಾಗುತ್ತದೆ. ಗಿಟಾರ್ ಅಂತ ಗೊತ್ತೇ ಆಗುವುದಿಲ್ಲ. ಡಿಲೇ ಪೆಡಲ್‌ಗಳಲ್ಲಿ ಇರುವ ರಿವರ್ಸ್ ಬೇರೆ. ಅದು ನೀವು ನುಡಿಸಿದ್ದನ್ನೇ ಹಿಂದುಮುಂದಾಗಿ ಹೇಳುತ್ತದೆ. ಅಂಗಡಿಯಲ್ಲಿ ಎರಡನ್ನೂ ಒಂದೇ ಅಂತ ತೋರಿಸಿದರೆ ನಂಬಬೇಡಿ.

ರಿವರ್ಸ್ ಇಲ್ಲವೇ? ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಕಿರುಬೆರಳಿನಿಂದ ಸೊನ್ನೆಗೆ ಇಳಿಸಿ, ತಂತಿ ಬಾರಿಸಿ, ಆಮೇಲೆ ಏರಿಸಿ. ಮುಂದೆ ಉದ್ದದ ರಿವರ್ಬ್ ಇರಲಿ. ಮುಕ್ಕಾಲು ಪಾಲು ಅದೇ ಅನುಭವ, ಖರ್ಚು ಸೊನ್ನೆ.

ಹಂತ 7: ಪಕ್ಕದ ಮನೆಯವರು

ನಮ್ಮ ಫ್ಲಾಟುಗಳ ಗೋಡೆ ನಿಮಗೆ ಗೊತ್ತೇ ಇದೆ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಕಾನೂನಿನ ಲೆಕ್ಕದಲ್ಲಿ ರಾತ್ರಿ. ಮನೆಗಳಿರುವ ಜಾಗದಲ್ಲಿ ಮಿತಿ 45 ಡೆಸಿಬೆಲ್, ಹಗಲಲ್ಲಿ 55. ಆಂಪ್ ಹಾಕಿದರೆ ಎರಡೂ ದಾಟುತ್ತೀರಿ. ಹಾಗಾಗಿ ಹೆಡ್‌ಫೋನ್.

ಇಲ್ಲಿ ತುಂಬಾ ಜನ ಸೋಲುತ್ತಾರೆ. ಡಿಸ್ಟಾರ್ಷನ್ ಪೆಡಲನ್ನು ನೇರವಾಗಿ ಆಡಿಯೋ ಇಂಟರ್‌ಫೇಸಿಗೆ, ಅಂದರೆ ಗಿಟಾರನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆಗೆ ಚುಚ್ಚಿ ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಕೇಳುತ್ತದೆ. "ಪೆಡಲ್ ಸರಿ ಇಲ್ಲ" ಅಂತ ನನಗೆ ಬರೆಯುತ್ತಾರೆ. ಪೆಡಲ್ ಸರಿಯಾಗಿಯೇ ಇದೆ. ಗಿಟಾರ್ ಆಂಪಿನ ಸ್ಪೀಕರು ಸುಮಾರು 5,000 ಹರ್ಟ್ಸ್‌ನಿಂದ ಮೇಲಿನದ್ದನ್ನು ಬಹುಪಾಲು ನುಂಗಿಬಿಡುತ್ತದೆ. ಹೆಡ್‌ಫೋನ್ ನುಂಗುವುದಿಲ್ಲ, ಎಲ್ಲವನ್ನೂ ಕಿವಿಗೆ ಸುರಿಯುತ್ತದೆ. ಕ್ಯಾಬ್ ಸಿಮ್ಯುಲೇಟರ್ ಹಾಕಿ, ಅಂದರೆ ಸ್ಪೀಕರ್ ಪೆಟ್ಟಿಗೆಯನ್ನು ನಕಲು ಮಾಡುವ ಸಾಫ್ಟ್‌ವೇರ್. ಪುಕ್ಕಟೆಯವೂ ಬೇಕಾದಷ್ಟಿವೆ. ಮಲ್ಟಿ-ಎಫೆಕ್ಟ್ಸ್ ಇದ್ದರೆ ಅದರೊಳಗೇ ಇರುತ್ತದೆ, ಸಾಲಿನ ಕೊನೆಯಲ್ಲಿ ಇಡಿ.

ಗುಂಯ್ ಅನ್ನುವ ಸದ್ದು ಬಂದರೆ ಅದು 50 ಹರ್ಟ್ಸ್ ಕರೆಂಟಿನದು. ಫ್ಯಾನ್ ರೆಗ್ಯುಲೇಟರ್, ಫೋನ್ ಚಾರ್ಜರ್, ಮಾನಿಟರ್ ಒಂದೊಂದಾಗಿ ಆರಿಸಿ ನೋಡಿ. ಗಿಟಾರ್ ಹಿಡಿದು ಕೂತಲ್ಲೇ ನಿಧಾನವಾಗಿ ಸುತ್ತ ತಿರುಗಿ. ಒಂದು ದಿಕ್ಕಿನಲ್ಲಿ ಸದ್ದು ಕಡಿಮೆಯಾಗುತ್ತದೆ, ಕುರ್ಚಿಯನ್ನು ಆ ಕಡೆಗೇ ಹಾಕಿಕೊಳ್ಳಿ.

ಹಂತ 8: ಹಳೇ ಯಂತ್ರದ ಆಸೆ

ಇಷ್ಟಾದ ಮೇಲೂ "ಒರಿಜಿನಲ್ ಬೇಕು, ಚೋರ್ ಬಜಾರಿನಲ್ಲಿ ಸಿಗಬಹುದಾ?" ಅನ್ನುವವರಿಗೆ.

ಶೀಲ್ಡ್ಸ್ ಹಿಡಿದಿದ್ದ ಫೆಂಡರ್ ಜಾಝ್‌ಮಾಸ್ಟರ್ 1958ರಲ್ಲಿ ಬಂದ ಗಿಟಾರ್. 80ರ ದಶಕದಲ್ಲಿ ಅದು ಯಾರಿಗೂ ಬೇಡವಾಗಿತ್ತು. ಕಾಸಿಲ್ಲದ ಹುಡುಗರು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅದನ್ನು ಕೊಂಡಿದ್ದೇ ಅಗ್ಗ ಅಂತ. ಈಗ ಅದನ್ನೇ ನಾವು ಸಾಲ ಮಾಡಿ ಕೊಳ್ಳಲು ಹೊರಟಿದ್ದೇವೆ. ಆ ತಂಡಗಳು ಕೂಡ ಹಳೇ ನೆನಪಿಗೆ ಅಂಟಿ ಕೂತಿಲ್ಲ. ಮೈ ಬ್ಲಡಿ ವ್ಯಾಲೆಂಟೈನ್ 2013ರಲ್ಲಿ, ಸ್ಲೋಡೈವ್ 2017ರಲ್ಲಿ, ಆಮೇಲೆ 2023ರಲ್ಲಿ ಹೊಸ ಆಲ್ಬಮ್ ತಂದವು.

ಕೊಳ್ಳಲೇಬೇಕು ಅಂದರೆ ಇದನ್ನು ನೋಡಿ. ಜಪಾನಿನಿಂದ ಬಂದ ಹಳೇ ಸ್ಟುಡಿಯೋ ಯಂತ್ರಗಳು 100 ವೋಲ್ಟಿನವು, ಅಮೆರಿಕದವು 120. ನಮ್ಮ 230ಕ್ಕೆ ನೇರ ಚುಚ್ಚಿದರೆ ಅಲ್ಲಿಗೆ ಮುಗಿಯಿತು. ಹಿಂಭಾಗದ ಚೀಟಿ ಓದಿ, ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಮೊದಲು ಕೊಳ್ಳಿ. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ, ಅದರ ಮೇಲೆ ಜಿಎಸ್‌ಟಿ ಬೀಳುತ್ತದೆ. ಕೊರಿಯರ್ ಹುಡುಗ ಬಾಗಿಲಲ್ಲಿ ನಿಂತು ದುಡ್ಡು ಕೇಳಿದಾಗ ಬೆಚ್ಚಿಬೀಳಬೇಡಿ.

ಸೆಕೆಂಡ್ ಹ್ಯಾಂಡ್ ಪೆಡಲ್ ನೋಡಲು ಹೋಗುವಾಗ ನಿಮ್ಮ ಗಿಟಾರ್, ನಿಮ್ಮ ಕೇಬಲ್, ನಿಮ್ಮ ಅಡಾಪ್ಟರ್ ಒಯ್ಯಿರಿ. ಪ್ರತಿ ಗುಂಡಿಯನ್ನೂ ಈ ತುದಿಯಿಂದ ಆ ತುದಿಗೆ ತಿರುಗಿಸಿ, ಕರಕರ ಅಂದರೆ ಬೆಲೆ ಇಳಿಸಲು ಹೇಳಿ. ಜ್ಯಾಕಿನಲ್ಲಿ ಕೇಬಲ್ ಅಲುಗಿಸಿದಾಗ ಸದ್ದು ಹೋಗಿ ಬಂದರೆ ಬಿಡಿ. ಬ್ಯಾಟರಿ ಮುಚ್ಚಳ ತೆಗೆದು ಒಳಗೆ ಹಸಿರು ಕಿಲುಬು ಇದೆಯಾ ನೋಡಿ. ಹೊಸದಕ್ಕೆ ಧೋಬಿ ತಲಾವಿನ ಫುರ್ಟಾಡೋಸ್‌ಗೆ ಹೋಗಿ, ನುಡಿಸಿ ನೋಡಿ. ವಾರದ ದಿನ ಮಧ್ಯಾಹ್ನ ಹೋದರೆ ನೆಮ್ಮದಿಯಾಗಿ ಕೂತು ನುಡಿಸಬಹುದು, ಶನಿವಾರ ಸಂಜೆ ನಿಮ್ಮ ಸದ್ದೇ ನಿಮಗೆ ಕೇಳುವುದಿಲ್ಲ.

ಜೂನ್ ಬಂದ ಮೇಲೆ

ಕಿಲುಬು ಅಂದೆನಲ್ಲ. ಮುಂಬೈಯ ಉಪ್ಪುಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ತಂತಿ ಹದಿನೈದು ದಿನಕ್ಕೆ ತುಕ್ಕು ಹಿಡಿಯುತ್ತದೆ, ಗುಂಡಿಗಳು ಕರಕರ ಅನ್ನುತ್ತವೆ. ನುಡಿಸಿದ ಮೇಲೆ ತಂತಿಯನ್ನು ಒಣಬಟ್ಟೆಯಲ್ಲಿ ಮೇಲಿನಿಂದ, ಕೆಳಗಿನಿಂದ ಒರೆಸಿ. ಪೆಡಲ್‌ಗಳನ್ನು ಮುಚ್ಚಳ ಗಟ್ಟಿ ಇರುವ ಸ್ಟೀಲ್ ಅಥವಾ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಹೊಸ ಶೂ ಡಬ್ಬಿಯಲ್ಲಿ ಬರುತ್ತವಲ್ಲ, ಅವನ್ನೇ ಕೂಡಿಟ್ಟುಕೊಳ್ಳಿ. ಬಳಸದ ಪೆಡಲಿನಿಂದ ಬ್ಯಾಟರಿ ತೆಗೆದುಬಿಡಿ. ಗುಂಡಿ ಕರಕರ ಅಂದರೆ ಎಣ್ಣೆ ಬಿಡಬೇಡಿ. ಲ್ಯಾಮಿಂಗ್ಟನ್ ರೋಡಿನಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಅಂತ ಸ್ಪ್ರೇ ಕೇಳಿ. ಕರೆಂಟು ತೆಗೆದು, ಗುಂಡಿಯ ಸಂದಿಗೆ ಒಂದು ಚಿಟಿಕೆಯಷ್ಟು ಹೊಡೆದು, ಇಪ್ಪತ್ತು ಸಲ ತಿರುಗಿಸಿ, ಅರ್ಧ ಗಂಟೆ ಒಣಗಲು ಬಿಟ್ಟು ಆಮೇಲೆ ಚುಚ್ಚಿ.